ನೂಲು ಕಚ್ಚಿದ ಹಲ್ಲು

ಮೇಲ್ಸಾಲಿನ ಎಡಗಡೆಯ ಬಾಚಿಹಲ್ಲು.
ಅದರ ಅಂಚಿನಲ್ಲೊಂದು ಸಣ್ಣ ಕಚ್ಚು,
ನಲವತ್ತೊಂದು ವರ್ಷ ನೂಲು ಹಾದುಹೋದ ದಾರಿ.
ವೂಚ್ ಊರಿನ ನಾಟಕಶಾಲೆಯ ನೆಲಮಾಳಿಗೆಯಲ್ಲಿ
ರಾಜರ ನಿಲುವಂಗಿ, ಭಿಕ್ಷುಕರ ಚಿಂದಿ
ಎರಡನ್ನೂ ಕಡಿದು ಮುಗಿಸಿದ್ದು ಇದೇ ಹಲ್ಲು.
ಕತ್ತರಿ ಇತ್ತು. ಯಾವತ್ತೂ
ಬೇರೆ ಯಾವುದೋ ಬಟ್ಟೆಯಡಿ ಇರುತ್ತಿತ್ತು.

ಹಾಗೆ ನೋಡಿದರೆ ಅದು ಸತ್ತು ಬಹಳ ಕಾಲವಾಗಿತ್ತು.
ಅಮ್ಮನ ಗಿರಣಿಯ ದವಾಖಾನೆಯಲ್ಲಿ, ಎಂಬತ್ತೇಳರ ಚಳಿಯಲ್ಲಿ
ಮೀಸೆಯ ವೈದ್ಯನೊಬ್ಬ ನರವನ್ನು
ಹಸಿ ಎಳೆಯಂತೆ ಸುತ್ತಿ ಎಳೆದು ತೋರಿಸಿದ್ದ:
"ಇಷ್ಟಕ್ಕೆ ಅಷ್ಟು ಅತ್ತೆಯಾ?"
ಬಾಯಿ ತುಂಬ ಲವಂಗದ ವಾಸನೆ.
ಆಮೇಲೆ ಅದಕ್ಕೆ ಬಿಸಿ ಚಹಾ ಗೊತ್ತಿಲ್ಲ, ಐಸು ಗೊತ್ತಿಲ್ಲ,
ನಿಧಾನ ಬೂದಿ ಬಣ್ಣಕ್ಕೆ ತಿರುಗುತ್ತ
ಸಂಬಳ ಕೇಳದ ಆಳಿನಂತೆ ದುಡಿಯಿತು.
ಬದುಕಿದ್ದ ಹಲ್ಲುಗಳೇ ಆಗಾಗ ರಗಳೆ ತೆಗೆದವು.

ಡಾಕ್ಟರ್ ಸೊಲೊಮಿಯಾ, ಖಾರ್ಕಿವ್‌ನಿಂದ ಬಂದವಳು,
ಪರದೆಯ ಮೇಲೆ ಎಕ್ಸ್‌ರೇ ತೋರಿಸಿದಳು.
ಬೇರಿನೊಳಗೆ ಅಂದು ತುಂಬಿದ್ದು
ಬೆಳ್ಳಗೆ, ನೆಟ್ಟಗೆ, ಸೂಜಿಗೆ ಪೋಣಿಸಿಟ್ಟ ದಾರದಂತೆ.
ಪಕ್ಕದಲ್ಲೊಂದು ಕೂದಲೆಳೆ ಬಿರುಕು.
"ಬೇರೇ ಸೀಳಿದೆ, ಉಳಿಸಲಾಗದು" ಎಂದಳು,
ನಮ್ಮ ಮಾತನ್ನು ತನ್ನ ಊರಿನ ಮೆತ್ತನೆ ಅಂಚಿನಲ್ಲಿ ಮಡಚಿ.
ನಾನು ವಾದಿಸಲಿಲ್ಲ. ಬಟ್ಟೆ ನೋಡಿದವಳಿಗೆ ಗೊತ್ತು
ಹೊಲಿಗೆ ಬಿಟ್ಟದ್ದು ಯಾವುದು, ನೆಯ್ಗೆಯೇ ಹೋದದ್ದು ಯಾವುದು.

ನೋವಿರಲಿಲ್ಲ. ಸದ್ದಿತ್ತು.
ಹಳೆಯ ಪರದೆಯ ಅಂಚು ಹರಿದಾಗಿನ ಸದ್ದು,
ಅದೂ ತಲೆಬುರುಡೆಯ ಒಳಗಿನಿಂದ.
ಹಲ್ಲು ಕಚ್ಚಿ ಸಹಿಸು ಅನ್ನುತ್ತಾರಲ್ಲ,
ಯಾವುದನ್ನು ಕಚ್ಚಲಿ, ಬಾಯಿ ಅವಳ ಕೈಯಲ್ಲಿ.
ತಟ್ಟೆಯಲ್ಲಿ ಟಿಣ್.
ಮತ್ತೆ ಟಿಣ್.
ಎರಡು ತುಂಡು. ಇಷ್ಟೇನಾ, ಅನ್ನಿಸಿತು.

ಕುಳಿಗೆ ಬಿಳಿಯ ಹರಳೇನೋ ತುಂಬಿದಳು,
ಹಸುವಿನ ಮೂಳೆಯಂತೆ, ಶುದ್ಧಮಾಡಿ ಪುಡಿಗುಟ್ಟಿದ್ದು.
"ನಾಲ್ಕು ತಿಂಗಳು. ಇದರ ಸುತ್ತ ನಿಮ್ಮ ಮೂಳೆ ಬೆಳೆಯಲಿ,
ಆಮೇಲೆ ತಿರುಪು ಕೂರಿಸೋಣ."
ಯಾವ ಹುಲ್ಲುಗಾವಲಿನದೋ ಪಾಪ,
ನನ್ನ ಬಾಯಿಗೆ ಮೇಯಲು ಬಂತು.

ಎರಡು ಹೊಲಿಗೆ ಹಾಕಿದಳು. ನಾಲಿಗೆಯ ತುದಿಯಿಂದ ಮುಟ್ಟಿದೆ:
ಗಂಟು ದಪ್ಪ, ಎಳೆತ ಸಮ. ಪರವಾಗಿಲ್ಲ, ಪಳಗಿದ ಕೈ.
ಅವಳ ಕತ್ತರಿ ಕೈಗೆಟುಕುವಲ್ಲೇ ಇತ್ತು.

ಸಂಜೆ ಟ್ರಾಮಿನಲ್ಲಿ ಜಾಗ ಕೇಳಹೊರಟರೆ
ನಮ್ಮ ಭಾಷೆ, ಮೊದಲೇ ಶ ಷ ಸಗಳ ಸಂತೆ,
ಪೂರಾ ಸಿಳ್ಳೆಯಾಗಿ ಹೊರಬಂತು.
ಯಾರದೋ ನಾಯಿ ತಿರುಗಿ ನೋಡಿತು.
ಮನೆಯಲ್ಲಿ ಹಲ್ಲಿನ ತುಂಡುಗಳನ್ನು ಗುಂಡಿಡಬ್ಬಿಗೆ ಹಾಕಿದೆ,
ಚಿಪ್ಪಿನ ಗುಂಡಿಗಳ ನಡುವೆ.
ಬೆಳಿಗ್ಗೆ ಹುಡುಕಿದರೆ ಒಂದು ಕ್ಷಣ
ಯಾವುದು ನನ್ನದೆಂದು ತಿಳಿಯಲಿಲ್ಲ.

ನಮ್ಮಲ್ಲೊಂದು ನಂಬಿಕೆ:
ಮೈಮೇಲಿದ್ದ ಬಟ್ಟೆಗೆ ಹೊಲಿಗೆ ಹಾಕುವಾಗ
ತೊಟ್ಟವರು ಒಂದೆಳೆ ನೂಲು ಕಚ್ಚಿಕೊಂಡಿರಬೇಕು,
ಇಲ್ಲದಿದ್ದರೆ ಬುದ್ಧಿಯನ್ನೂ ಸೇರಿಸಿ ಹೊಲಿದುಬಿಡುತ್ತೇವೆ.
ಕುರ್ಚಿಯಲ್ಲಿ ಒರಗಿದ್ದಾಗ ಇದು ನೆನಪಾಗಿ ನಗು ಬಂದಿತ್ತು.
ಬಾಯಲ್ಲಿ ನೂಲೇನೋ ಇತ್ತು;
ಬುದ್ಧಿ ಹೊರಗುಳಿಯಿತೋ ಒಳಗೋ,
ನಾಲ್ಕು ತಿಂಗಳಿಗೆ ತಿಳಿದೀತು.

ಶುಕ್ರವಾರ, ಮೂರನೆಯ ಗಂಟೆಗೆ ತುಸು ಮೊದಲು
ದೊಬ್ರೊಮಿರ್ ತೋಳು ಹರಿದುಕೊಂಡು ಇಳಿದು ಬಂದ.
ಒಂದೆಳೆ ಕೊಟ್ಟೆ, ಕಚ್ಚಿಕೊಂಡ. ಏಳು ಹೊಲಿಗೆ, ಗಂಟು.
ಅಭ್ಯಾಸ ನೋಡಿ, ಬಾಗಿದೆ, ತುಟಿ ತೆರೆದೆ,
ನೂಲು ಖಾಲಿಯಲ್ಲಿ ಜಾರಿತು.
ಅವನು ನೋಡಿದ. ಏನೂ ಕೇಳಲಿಲ್ಲ.
ತೋಳನ್ನೇ ಬಾಯಿಗೆ ತಂದು
ಕಟಕ್ಕೆಂದು ತಾನೇ ಕಡಿದು
ಎರಡೆರಡು ಮೆಟ್ಟಿಲು ಹತ್ತಿ ಹೋದ, ರಾಜನಾಗಲು.
ಕೊಟ್ಟ ಎಳೆ ಇನ್ನೂ ಅವನ ಬಾಯಲ್ಲೇ ಇತ್ತು.
ಮೊದಲ ಮಾತಿಗೆ ಮುಂಚೆ ಉಗುಳಬೇಕು,
ಮರೆಯದಿದ್ದರೆ.